ಕೊನೆಗೆ ನೋಟು ಯಾರ ಕೈಯಲ್ಲಿ?

ಬೆಂಗಳೂರಿನ ವಿಜಯನಗರದ ಆರ್‌ಪಿಸಿ ಲೇಔಟಿನ ಒಂದು ಮನೆ. ಮಾತಾಡುತ್ತಿರುವವರು ಇಬ್ಬರು: ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯ ಮಹಿಳೆ, ಮತ್ತು ಅಮ್ಮನನ್ನು ನೇಪಾಳದ ಮುಕ್ತಿನಾಥ ಯಾತ್ರೆಗೆ ಕರೆದುಕೊಂಡು ಹೊರಟಿರುವ ಎದುರಿನ ಅಪಾರ್ಟ್‌ಮೆಂಟಿನ ಯುವಕ.

ಅವನು: ಆಂಟಿ, ಬ್ಯಾಂಕಿಗೆ ಹೋಗಿ ನೇಪಾಳಿ ರೂಪಾಯಿ ಬೇಕು ಅಂದೆ, ಇಲ್ಲ ಅಂದ್ರು. ಹೋಗ್ಲಿ, ಡಾಲರಾದ್ರೂ ಕೊಡಿ, ಅಲ್ಲೇ ಬದಲಾಯಿಸ್ಕೋತೀನಿ ಅಂದೆ. ನೇಪಾಳಕ್ಕೆ ಅಂದ್ರೆ ಡಾಲರೂ ಕೊಡೋ ಹಾಗಿಲ್ಲ ಅಂದ್ರು. ಹೊರದೇಶಕ್ಕೆ ಹೋಗೋನಿಗೆ ಹೊರದೇಶದ ದುಡ್ಡು ಕೊಡಲ್ಲ ಅಂದ್ರೆ ಹೇಗೆ?

ಅವರು: ಅವರು ಹೇಳಿದ್ದು ಸರಿಯಾಗೇ ಇದೆಯಪ್ಪ. ನೇಪಾಳ, ಭೂತಾನ್ ಎರಡರ ಪ್ರವಾಸಕ್ಕೂ ನಮ್ಮಲ್ಲಿ ವಿದೇಶಿ ವಿನಿಮಯ ಕೊಡೋ ಹಾಗಿಲ್ಲ. ವಿದೇಶಿ ವಿನಿಮಯ ಕಾಯ್ದೆ ಫೆಮಾ ಅಡಿ 2000ದಲ್ಲಿ ಬಂದ ನಿಯಮದಲ್ಲೇ ಅದಿದೆ. ಅಲ್ಲಿ ನಮ್ಮ ರೂಪಾಯೇ ನಡೆಯುತ್ತಲ್ಲ, ಅದಕ್ಕೆ. ಭೂತಾನಿನ ದುಡ್ಡು ನಮ್ಮ ರೂಪಾಯಿಗೆ ಒಂದಕ್ಕೊಂದು. ನೇಪಾಳದಲ್ಲಿ ನಮ್ಮ ನೂರಕ್ಕೆ ಅವರ ನೂರ ಅರವತ್ತು. 1993ರ ಫೆಬ್ರುವರಿಯಿಂದ ಆ ದರ ಅಲುಗಾಡಿಲ್ಲ. ನೇಪಾಳ ರಾಷ್ಟ್ರ ಬ್ಯಾಂಕ್ ನಮ್ಮ ನೂರನ್ನ ಕೊಳ್ಳೋದು 160 ರೂಪಾಯಿಗೆ, ಮಾರೋದು 160 ರೂಪಾಯಿ 15 ಪೈಸೆಗೆ.

ಅವನು: ದರ ಹಾಗೆ ನಿಂತುಬಿಟ್ಟಿದ್ರೆ ಗಡೀಲಿ ನೋಟು ಬದಲಾಯಿಸೋರಿಗೆ ಏನು ಕೆಲಸ? ಗೋರಖ್‌ಪುರದಿಂದ ಸುನೌಲಿಗೆ ಹೋದ್ರೆ ರಸ್ತೆ ಉದ್ದಕ್ಕೂ ಅಂಥ ಅಂಗಡಿಗಳೇ, ಕೈಯಲ್ಲಿ ಕಂತೆ ಹಿಡಿದು ಕರೆಯೋರೇ ಅಂತ ಹೋಗಿ ಬಂದೋರೆಲ್ಲ ಹೇಳ್ತಾರೆ.

ಅವರು: ದರ ಗೊತ್ತುಮಾಡೋದು ಸರ್ಕಾರ. ಯಾವ ನೋಟನ್ನ ನಂಬಬೇಕು ಅಂತ ಗೊತ್ತುಮಾಡೋದು ಜನ. ಬೀದಿಯಲ್ಲಿ ನಮ್ಮ ನೂರರ ನೋಟಿಗೆ ಪೂರ್ತಿ 160 ಸಿಗುತ್ತೆ, ಇಲ್ಲ ಒಂದೆರಡು ರೂಪಾಯಿ ಕಮಿಷನ್ ಮುರ್ಕೋತಾರೆ. ಅದೇ ಐನೂರರ ನೋಟು ಚಾಚಿದ್ರೆ ನೂರಕ್ಕೆ 150ರ ಲೆಕ್ಕಕ್ಕೆ ಇಳೀತಾರೆ, ಕೆಲವರು ಮುಟ್ಟೋದೇ ಇಲ್ಲ. ಅದೇ ರಿಸರ್ವ್ ಬ್ಯಾಂಕು, ಅದೇ ಗವರ್ನರ್ ಸಹಿ. ಆದ್ರೂ ಐದು ನೂರರ ನೋಟಿಗೆ ಸಿಗೋ ಮರ್ಯಾದೆ ಒಂದು ಐನೂರರ ನೋಟಿಗೆ ಸಿಗಲ್ಲ.

ಅವನು: ಯಾಕೆ? ನಕಲಿ ನೋಟಿನ ಭಯವಾ?

ಅವರು: ಅದೂ ಇದೆ. ನಕಲಿ ನೋಟಿನ ಕಾಟ ಅಂತಲೇ ವರ್ಷಗಟ್ಟಲೆ ದೊಡ್ಡ ನೋಟುಗಳನ್ನ ಅಲ್ಲಿಗೆ ಒಯ್ಯೋ ಹಾಗಿರಲಿಲ್ಲ. 2015ರಲ್ಲಿ ನಿಯಮ ಸಡಿಲ ಮಾಡಿ, ಐನೂರು, ಸಾವಿರದ ನೋಟನ್ನ ಇಪ್ಪತ್ತೈದು ಸಾವಿರ ರೂಪಾಯಿವರೆಗೆ ಒಯ್ಯಬಹುದು ಅಂದ್ರು. ನಮ್ಮೂರಲ್ಲಿ ಹೋಟೆಲಿನಲ್ಲಿ, ಕಾವಲು ಕೆಲಸದಲ್ಲಿ ದುಡಿಯೋ ನೇಪಾಳಿಗಳಿಗೆ ಎಷ್ಟು ಅನುಕೂಲ ಆಯ್ತು ನೋಡು. ಊರಿಗೆ ಹೋಗೋವಾಗ ಒಳಜೇಬಿಗೆ ನಾಲ್ಕು ಸಾವಿರದ ನೋಟು ಹಾಕ್ಕೊಂಡ್ರೆ ಸಾಕು. ಮರುವರ್ಷ ನವೆಂಬರ್ 8ರ ರಾತ್ರಿ ಆ ನೋಟುಗಳೆಲ್ಲ ರದ್ದಾದವು.

ಅವನು: ನಮಗೆ ಬ್ಯಾಂಕಿನ ಮುಂದೆ ಸಾಲು ನಿಂತಾದ್ರೂ ಬದಲಾಯಿಸೋಕೆ ಆಯ್ತು.

ಅವರು: ಅವರಿಗೆ ನಿಲ್ಲೋಕೆ ಸಾಲೇ ಇರಲಿಲ್ಲ. ನೇಪಾಳದ ಬ್ಯಾಂಕುಗಳ ತಿಜೋರಿಯಲ್ಲೇ ನಮ್ಮ ಮೂರು ಕೋಟಿ ರೂಪಾಯಿಗೂ ಮೀರಿ ಹಳೇ ನೋಟು ಉಳಿದುಹೋಯ್ತು. ಮಾತುಕತೆ ಮೇಲೆ ಮಾತುಕತೆ ನಡೀತು, ಬದಲಾಯಿಸಿ ಕೊಡಲಿಲ್ಲ. ಮನೆಗಳ ಟ್ರಂಕಿನಲ್ಲಿ, ದೇವರ ಪಟದ ಹಿಂದೆ ಇದ್ದದ್ದನ್ನ ಲೆಕ್ಕ ಇಟ್ಟೋರು ಯಾರು? 2018ರ ಡಿಸೆಂಬರಿನಲ್ಲಿ ನೇಪಾಳ ಸರ್ಕಾರವೇ ನಮ್ಮ ಇನ್ನೂರು, ಐನೂರು, ಎರಡು ಸಾವಿರದ ನೋಟುಗಳನ್ನ ನಿಷೇಧಿಸ್ತು. ನೂರು, ನೂರಕ್ಕಿಂತ ಕೆಳಗಿನದು ಮಾತ್ರ ನಡೀಲಿ ಅಂತು. ಇಂಥ ನಿಯಮ ಮತ್ತೆ ಸಡಿಲ ಆಗಬಹುದು, ಬಿಗಿ ಆಗಬಹುದು. ಹೊರಡೋ ವಾರ ನಮ್ಮ ರಿಸರ್ವ್ ಬ್ಯಾಂಕು, ನೇಪಾಳ ರಾಷ್ಟ್ರ ಬ್ಯಾಂಕು ಎರಡರ ಪ್ರಕಟಣೆಯನ್ನೂ ನೋಡ್ಕೊಂಡೇ ಹೊರಡು. ಆದ್ರೆ ಸರ್ಕಾರ ಸಡಿಲ ಮಾಡಿದ ತಕ್ಷಣ ಜನರ ಮನಸ್ಸು ಸಡಿಲ ಆಗಲ್ಲ. ಒಂದು ಸಲ ಕೈ ಸುಟ್ಟುಕೊಂಡ ಅಂಗಡಿಯವನು ಐನೂರರ ನೋಟಿಗೆ ನೂರಕ್ಕೆ ಹತ್ತು ರೂಪಾಯಿ ಕಡಿಮೆ ಕೊಡ್ತಾನೆ ಅಂದ್ರೆ ನನಗೆ ಅವನ ಮೇಲೆ ಸಿಟ್ಟು ಬರಲ್ಲ.

ಅವನು: ಹಿಂದೆಲ್ಲ ಹೀಗಿರಲಿಲ್ಲ ಅಲ್ವಾ? ನಮ್ಮ ಬಡಾವಣೆಗೆ ಹಂಪಿನಗರ ಅಂತ ಹೆಸರಿಟ್ಟಿದ್ದಾರೆ. ಆ ಹಂಪಿಯ ಪೇಟೆಗೆ ಎಲ್ಲೆಲ್ಲಿಂದಲೋ ಕುದುರೆ ವ್ಯಾಪಾರಿಗಳು ಬರ್ತಿದ್ರು. ಅವರ ದುಡ್ಡು ಇವರಿಗೆ, ಇವರ ದುಡ್ಡು ಅವರಿಗೆ ಹೇಗೆ ಒಪ್ಪಿಗೆ ಆಗ್ತಿತ್ತು?

ಅವರು: ವರಾಹ ಚಿನ್ನದ ನಾಣ್ಯ. ಸುಮಾರು ಮೂರೂವರೆ ಗ್ರಾಂ ತೂಕ. 1443ರಲ್ಲಿ ಬಂದ ಅಬ್ದುಲ್ ರಜಾಕ್ ಇಲ್ಲಿನ ನಾಣ್ಯಗಳ ಬಗ್ಗೆ ಬರೆದಿಟ್ಟಿದ್ದಾನೆ, ಪೋರ್ಚುಗೀಸರೂ ಬರೆದಿದ್ದಾರೆ. ಚಿನಿವಾರ ಅದನ್ನ ಒರೆಗಲ್ಲಿಗೆ ತಿಕ್ಕಿ, ತೂಗಿ, ಬೆಲೆ ಹೇಳ್ತಿದ್ದ. ರಾಜ ಸತ್ರೂ ರಾಜ್ಯ ಬಿದ್ರೂ ಚಿನ್ನ ಚಿನ್ನವೇ. ಇವತ್ತಿನ ನೋಟನ್ನ ಯಾವ ಒರೆಗಲ್ಲಿಗೆ ತಿಕ್ತೀಯ? ಅದರೊಳಗೆ ಇರೋದು ಒಂದು ವಾಗ್ದಾನ, ಅಷ್ಟೇ. ಆ ವಾಗ್ದಾನ ನಮ್ಮ ಗಡಿಯೊಳಗೆ ಇರೋರಿಗೆ ಒಂದು ಥರ, ಗಡಿಯಾಚೆ ಇರೋರಿಗೆ ಇನ್ನೊಂದು ಥರ ಆಯ್ತಲ್ಲ, ಅದು ನನಗೆ ಇವತ್ತಿಗೂ ಸಂಕಟ. ನಾನು ಆ ನೋಟಿನ ಕೆಲಸದಲ್ಲೇ ಜೀವಮಾನ ಕಳೆದವಳು.

ಅವನು: ಹಾಗಾದ್ರೆ ನಾನು ಯೋಚಿಸಿರೋ ದಾರೀನೇ ಸರಿ ಅನ್ಸುತ್ತೆ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಪೋಖರಾ ಕಡೆಯವನು. ಅವನು ಹೇಳ್ದ: ನೀವು ನನಗೆ ಇಲ್ಲಿ ಐವತ್ತು ಸಾವಿರ ಕೊಡಿ, ಪೋಖರಾದಲ್ಲಿ ನನ್ನ ತಮ್ಮ ನಿಮ್ಮ ಹೋಟೆಲಿಗೇ ಬಂದು ಎಂಬತ್ತು ಸಾವಿರ ನೇಪಾಳಿ ಕೊಡ್ತಾನೆ ಅಂತ. ಕಮಿಷನ್ ಇಲ್ಲ, ನೂರರ ನೋಟು ಹುಡುಕೋ ತಲೆನೋವಿಲ್ಲ, ಗಡೀಲಿ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಪೂರ್ತಿ 1.6ರ ಲೆಕ್ಕ.

ಅವರು: ನೀನು ಹೇಳ್ತಿರೋದು ಹುಂಡಿ ವ್ಯವಹಾರ ಕಣಪ್ಪ.

ಅವನು: ಹುಂಡಿ ಅಂದ್ರೆ ಕಳ್ಳಸಾಗಣೆಯೋರು ಮಾಡೋದಲ್ವಾ? ನಾವಿಬ್ಬರೂ ನಿಯತ್ತಿನವರು. ಅವನಿಗೆ ಇಲ್ಲಿ ಮಗಳ ಫೀಸಿಗೆ ದುಡ್ಡು ಬೇಕು, ನನಗೆ ಅಲ್ಲಿ ಖರ್ಚಿಗೆ ಬೇಕು. ಗಡಿ ದಾಟಿ ಒಂದು ನೋಟೂ ಹೋಗಲ್ಲ, ಬರಲ್ಲ. ಇದರಲ್ಲಿ ತಪ್ಪೇನಿದೆ?

ಅವರು: ಮನುಷ್ಯರಾಗಿ ನೋಡಿದ್ರೆ ತಪ್ಪಿಲ್ಲ. ನೂರಾರು ವರ್ಷ ವ್ಯಾಪಾರ ನಡೆದದ್ದೇ ಹಾಗೆ, ಒಂದು ಊರಿನ ಸೇಟಿನ ಚೀಟಿ ಇನ್ನೊಂದು ಊರಿನ ಸೇಟಿನ ಹತ್ರ ನಗದಾಗ್ತಿತ್ತು. ಆದ್ರೆ ಈಗ ಫೆಮಾದ ಮೂರನೇ ಸೆಕ್ಷನ್ ಇದೆ. ಪರವಾನಗಿ ಇಲ್ಲದವರ ಜೊತೆ ವಿದೇಶಿ ಹಣದ ವ್ಯವಹಾರ ಮಾಡೋ ಹಾಗಿಲ್ಲ. ಇಲ್ಲಿ ಕೊಟ್ಟು ಅಲ್ಲಿ ಪಡೆಯೋದೂ ಅದರೊಳಗೇ ಬರುತ್ತೆ. ಸಿಕ್ಕಿಬಿದ್ರೆ ಮೊತ್ತದ ಮೂರು ಪಟ್ಟುವರೆಗೆ ದಂಡ ಹಾಕಬಹುದು. ಕಾನೂನು ಹಾಗಿರಲಿ, ನಾನು ಬೇರೆ ಒಂದು ಕೇಳ್ತೀನಿ. ಪೋಖರಾದಲ್ಲಿ ತಮ್ಮ ಬರಲೇ ಇಲ್ಲ ಅಂತಿಟ್ಕೋ. ಕಾಯಿಲೆ ಬಿದ್ದ, ಇಲ್ಲ ದುಡ್ಡು ಹೊಂದಿಸೋಕೆ ಆಗಲಿಲ್ಲ. ಏನು ಮಾಡ್ತೀಯ?

ಅವನು: ವಾಪಸ್ ಬಂದು ವಾಚ್‌ಮನ್ ಹತ್ರ ಕೇಳ್ತೀನಿ.

ಅವರು: ಅವನು ಆಗಲೇ ಫೀಸು ಕಟ್ಟಿದಾನೆ. ನೀನು ಕೇಳ್ತೀಯ, ಅವನು ಟೈಮ್ ಕೊಡಿ ಅಂತಾನೆ. ಮಾತು ಅಸೋಸಿಯೇಷನ್ನಿನವರ ಕಿವಿಗೆ ಬೀಳುತ್ತೆ. ಚೀಟಿ ಇಲ್ಲ, ರಸೀದಿ ಇಲ್ಲ. ಯಾರ ಮಾತು ನಂಬ್ತಾರೆ, ಫ್ಲ್ಯಾಟಿನ ಓನರ್‌ದಾ, ಗೇಟಿನಲ್ಲಿ ಕೂತೋನ್ದಾ? ಕೆಲಸ ಯಾರದ್ದು ಹೋಗುತ್ತೆ? ಇನ್ನೊಂದು ಕಡೆಯಿಂದ ನೋಡು. ಅವನ ತಮ್ಮ ನಿನಗೆ ಎಂಬತ್ತು ಸಾವಿರ ಕೊಟ್ಟ, ನೀನು ಕೊಡಲೇ ಇಲ್ಲ ಅಂತ ಹೇಳಿಬಿಟ್ಟೆ. ನೀನು ಹಾಗೆ ಮಾಡಲ್ಲ, ನನಗೆ ಗೊತ್ತು. ಮಾಡೋರು ಸಿಕ್ಕಿದ್ರೆ ಅವನು ಯಾವ ಸ್ಟೇಷನ್ನಿಗೆ ಹೋಗ್ತಾನೆ? ಚೀಟಿ ಇಲ್ಲದ ವ್ಯವಹಾರದಲ್ಲಿ ಲಾಭ ಇಬ್ಬರಿಗೂ ಹಂಚಿಹೋಗಬಹುದು, ನಷ್ಟ ಮಾತ್ರ ಯಾರ ಮಾತು ನಡೆಯಲ್ವೋ ಅವರ ಕೈಯಲ್ಲೇ ಉಳಿಯುತ್ತೆ. 2016ರಲ್ಲಿ ಆದದ್ದೂ ಅದೇ ಅಲ್ವಾ?

ಅವನು: ಅದನ್ನ ನಾನು ಆ ಕಡೆಯಿಂದ ನೋಡಿರಲಿಲ್ಲ. ಆದ್ರೂ ಆಂಟಿ, ಬೀದಿ ವ್ಯವಹಾರ ಅಂದ್ರೆ ಎಲ್ಲ ಕಡೆಯೂ ಬೇಡ ಅನ್ನೋಕೆ ಆಗುತ್ತಾ? ನಮ್ಮ ಆಫೀಸಿನವರೊಬ್ಬರು 2023ರ ಅಕ್ಟೋಬರಿನಲ್ಲಿ ಅರ್ಜೆಂಟೀನಾಗೆ ಹೋಗಿದ್ರು. ಸರ್ಕಾರಿ ದರ ಡಾಲರಿಗೆ 350 ಪೆಸೊ. ಬ್ಯೂನಸ್ ಐರಿಸ್‌ನ ಫ್ಲೋರಿಡಾ ಬೀದಿಯಲ್ಲಿ ‘ಕಾಂಬಿಯೊ, ಕಾಂಬಿಯೊ’ ಅಂತ ಕೂಗೋರ ಹತ್ರ ಒಂಬೈನೂರರ ಮೇಲೆ. ದುಪ್ಪಟ್ಟಿಗಿಂತ ಜಾಸ್ತಿ. ಪತ್ರಿಕೆಯಲ್ಲೂ ದಿನಾ ಆ ದರ ಹಾಕ್ತಿದ್ರಂತೆ. ಬ್ಯಾಂಕಿನಲ್ಲಿ ಬದಲಾಯಿಸಿದ್ರೆ ಅರ್ಧಕ್ಕರ್ಧ ಕಳ್ಕೊಂಡ ಹಾಗೆ.

ಅವರು: ಆ ದರವೇ ನಿಜವಾದ ದರ. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಅಲ್ಲೂ ನೋಟಿನ ಜಾತಿ ನೋಡ್ತಾರೆ, ಗೊತ್ತಾ? ನೂರು ಡಾಲರಿನ ಹೊಸ ನೋಟಿಗೆ ಒಳ್ಳೇ ದರ, ಹತ್ತು, ಇಪ್ಪತ್ತರ ನೋಟಿಗೆ ಕಡಿಮೆ. ನೇಪಾಳದಲ್ಲಿ ಸಣ್ಣ ನೋಟಿಗೆ ಬೆಲೆ, ಅಲ್ಲಿ ದೊಡ್ಡದಕ್ಕೆ. ನೇಪಾಳದವರಿಗೆ ನಮ್ಮ ದೊಡ್ಡ ನೋಟು ನಾಳೆ ರದ್ದಾಗುತ್ತೇನೋ ಅನ್ನೋ ಭಯ. ಅರ್ಜೆಂಟೀನಾದವರಿಗೆ ತಮ್ಮ ಪೆಸೊ ನಾಳೆ ಕರಗುತ್ತೆ ಅನ್ನೋ ಭಯ. ಡಾಲರು ಮನೆಯಲ್ಲಿ ಬಚ್ಚಿಡೋಕೆ ಬೇಕು, ಬಚ್ಚಿಡೋಕೆ ದೊಡ್ಡ ನೋಟೇ ಅನುಕೂಲ. ಪ್ರವಾಸಿಯ ನೂರು ಡಾಲರು ಕೊನೆಗೆ ಹೋಗಿ ಸೇರೋದು ಯಾವುದೋ ಮೇಷ್ಟ್ರ ಮನೆಯ ಬೀರುವಿಗೆ. ಆ ಮೇಷ್ಟ್ರಿಗೆ ಬ್ಯಾಂಕಿನಲ್ಲಿ 350ಕ್ಕೆ ಬೇಕಾದಷ್ಟು ಡಾಲರು ಕೊಡ್ತಿರಲಿಲ್ಲ. ಸಂಬಳ ಪೆಸೊದಲ್ಲಿ, ತರಕಾರಿ ಬೆಲೆ ತಿಂಗಳು ತಿಂಗಳು ಮೇಲೆ. ನಿಮ್ಮ ಆಫೀಸಿನವರಿಗೆ ಊಟ ಅಗ್ಗವಾಯ್ತು ಅಂದ್ರೆ, ಅದೇ ಊಟ ಅಲ್ಲಿನ ಸಂಬಳದವರಿಗೆ ತುಟ್ಟಿಯಾಗಿತ್ತು ಅಂತ.

ಅವನು: ಹಾಗಂತ ಪ್ರವಾಸಿ ಸರ್ಕಾರಿ ದರಕ್ಕೇ ಬದಲಾಯಿಸಿದ್ರೆ ಆ ಮೇಷ್ಟ್ರಿಗೇನು ಲಾಭ?

ಅವರು: ಏನೂ ಇಲ್ಲ. ಅದನ್ನ ಒಪ್ತೀನಿ. ಎರಡು ದರದ ನಡುವೆ ಕಂದಕ ತೋಡೋದು ಬೀದಿಯವನಲ್ಲ, ಸರ್ಕಾರ. ಮುಚ್ಚಬೇಕಾದ್ದೂ ಸರ್ಕಾರವೇ. ಅರ್ಜೆಂಟೀನಾ 2022ರ ಕೊನೆಯಲ್ಲಿ ವಿದೇಶಿ ಪ್ರವಾಸಿಗಳ ಕಾರ್ಡಿಗೆ ಬೀದಿ ದರಕ್ಕೆ ಹತ್ತಿರದ ದರ ಕೊಡೋಕೆ ಶುರುಮಾಡ್ತು. ಆಮೇಲೆ ಪ್ರವಾಸಿ ಬೀದಿಗೆ ಹೋಗಬೇಕಾದ ಒತ್ತಾಯವೇ ಕಡಿಮೆಯಾಯ್ತು. ಉಜ್ಬೇಕಿಸ್ತಾನ ಇನ್ನೂ ಗಟ್ಟಿ ಹೆಜ್ಜೆ ಇಟ್ಟಿತು. 2017ರ ಸೆಪ್ಟೆಂಬರ್ 5ರಂದು ಡಾಲರಿಗೆ 4,200ರ ಆಸುಪಾಸು ಇದ್ದ ಸರ್ಕಾರಿ ದರವನ್ನ ಒಂದೇ ದಿನಕ್ಕೆ 8,100 ಸೋಮ್‌ಗೆ ತಂದು ನಿಲ್ಲಿಸ್ತು. ಅದಕ್ಕೆ ಮುಂಚೆ ತಾಷ್ಕೆಂಟಿನ ಬಜಾರಿನಲ್ಲಿ ನೂರು ಡಾಲರ್ ಬದಲಾಯಿಸಿದೋರು ಸೋಮ್‌ನ ಕಂತೆಗಳನ್ನ ಚೀಲಕ್ಕೆ ತುಂಬಿಕೊಂಡು ಹೋಗ್ತಿದ್ರು.

ಅವನು: ನಮ್ಮ ದೇಶದಲ್ಲಿ ಇಂಥ ಸ್ಥಿತಿ ಇತ್ತಾ?

ಅವರು: ಇತ್ತಲ್ಲಪ್ಪ! ಅರವತ್ತು, ಎಪ್ಪತ್ತರ ದಶಕದಲ್ಲಿ ಓದೋಕೆ ಅಮೆರಿಕಕ್ಕೆ ಹೊರಟ ಬೆಂಗಳೂರಿನ ಹುಡುಗರಿಗೆ ಕೈಗೆ ಸಿಗ್ತಿದ್ದದ್ದು ಎಂಟು ಡಾಲರ್. ಮಿಕ್ಕಿದ್ದನ್ನ ಅಲ್ಲಿರೋ ಪರಿಚಯದವರ ಕೈಲಿ ಕೊಡಿಸಿ, ಇಲ್ಲಿ ಅವರ ಮನೆಯವರಿಗೆ ರೂಪಾಯಿ ಮುಟ್ಟಿಸೋರು. ಈಗ ನಿನ್ನ ವಾಚ್‌ಮನ್ ಹೇಳಿದ್ನಲ್ಲ, ಥೇಟ್ ಅದೇ. ಆಗ ಇದ್ದದ್ದು ಫೆರಾ ಕಾಯ್ದೆ. ಇವತ್ತಿನ ಫೆಮಾ ದಂಡ ಹಾಕುತ್ತೆ, ಫೆರಾ ಜೈಲಿಗೇ ಕಳಿಸ್ತಿತ್ತು. ಎಷ್ಟು ಬಿಗಿ ಮಾಡಿದ್ರೂ ಡಾಲರಿನ ಕಾಳಸಂತೆ ನಿಲ್ಲಲಿಲ್ಲ. 1991ರ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಬೆಲೆ ಇಳಿಸಿದ್ರು. 1992ರ ಮಾರ್ಚಿನಿಂದ ಒಂದು ವರ್ಷ ನಮ್ಮಲ್ಲೇ ಅಧಿಕೃತವಾಗಿ ಎರಡು ದರ ಇದ್ದವು. ರಫ್ತು ಮಾಡಿದೋನು ತಂದ ನೂರು ಡಾಲರಲ್ಲಿ ನಲವತ್ತನ್ನ ಸರ್ಕಾರಿ ದರಕ್ಕೆ ಒಪ್ಪಿಸಬೇಕು, ಅರವತ್ತನ್ನ ಮಾರುಕಟ್ಟೆ ದರಕ್ಕೆ ಮಾರಬಹುದು. ಒಂದೇ ಫಾರಮ್ಮಿನಲ್ಲಿ ಎರಡು ದರ ಬರೆದು ಕೂಡಿಸೋ ಕೆಲಸ ನಮ್ಮದು. 1993ರ ಮಾರ್ಚಿಗೆ ಎರಡೂ ಒಂದಾದವು. 1994ರ ಆಗಸ್ಟಿನಲ್ಲಿ ಪ್ರವಾಸ, ಓದು, ಚಿಕಿತ್ಸೆ ಇಂಥ ಖರ್ಚಿಗೆ ಡಾಲರು ಕೊಳ್ಳೋ ದಾರಿ ತೆರೀತು. ಆಮೇಲೆ ನನ್ನ ಕೌಂಟರಿಗೆ ಬರೋರ ಸಂಖ್ಯೆ ಹೆಚ್ಚಿತು, ಕಾಳಸಂತೆಗೆ ಹೋಗಬೇಕಾದೋರು ಕಡಿಮೆಯಾದ್ರು. ಪೊಲೀಸರನ್ನ ಬಿಟ್ಟು ಅದನ್ನ ಮುಚ್ಚಿಸೋಕೆ ಆಗಿರಲಿಲ್ಲ. ಸರ್ಕಾರ ನಿಜವಾದ ದರ ಹೇಳಿ, ಸರಿಯಾದ ಬಾಗಿಲು ತೆರೆದ ಮೇಲೆ ಅದು ತಾನಾಗಿ ಸೊರಗಿತು.

ಅವನು: ಹಾಗಾದ್ರೆ ಬೀದಿಯನ್ನ ನಂಬಬೇಕಾ, ಬೇಡವಾ? ಒಂದು ಕಡೆ ಅದೇ ನಿಜವಾದ ದರ ಅಂತೀರಿ, ಇನ್ನೊಂದು ಕಡೆ ಹೋಗಬೇಡ ಅಂತೀರಿ.

ಅವರು: ಬೀದಿಯ ದರ ಸುಳ್ಳು ಹೇಳಲ್ಲ. ಬೀದಿಯಲ್ಲಿ ನಿಂತೋನು ಹೇಳಬಹುದು. ಎರಡನ್ನೂ ಬೇರೆ ಮಾಡಿ ನೋಡು. ಸುನೌಲಿಯಂಥ ಕಡೆ ಏನಾಗುತ್ತೆ ಹೇಳ್ತೀನಿ ಕೇಳು. ಅವನು ನಿನ್ನ ಮುಂದೆಯೇ ನೋಟು ಎಣಿಸಿ ಕೊಡ್ತಾನೆ. ನೀನೂ ಎಣಿಸ್ತೀಯ. ಒಂದು ನೋಟು ಕಡಿಮೆ ಇರುತ್ತೆ. ಹೇಳ್ತೀಯ. ಅಯ್ಯೋ ಹೌದಾ ಅಂತ ಕಂತೆ ವಾಪಸ್ ಇಸ್ಕೋತಾನೆ. ನಿನ್ನ ಕಣ್ಣೆದುರೇ ಮೇಲೊಂದು ನೋಟು ಇಡ್ತಾನೆ. ಅದೇ ಹೊತ್ತಿನಲ್ಲಿ ಕೆಳಗಿನಿಂದ ನಾಲ್ಕೈದು ನೋಟನ್ನ ಬೆರಳಲ್ಲಿ ಮಡಚಿ ಅಂಗೈಗೆ ಎಳ್ಕೋತಾನೆ. ಒಂದು ಸಲ ಎಣಿಸಿದೀನಲ್ಲ ಅಂತ ನೀನು ಜೇಬಿಗೆ ಹಾಕ್ಕೊಂಡು ಬಸ್ ಹತ್ತಿರ್ತೀಯ. ಎಲ್ಲರೂ ಹಾಗೆ ಅಂತಲ್ಲ, ವರ್ಷಗಟ್ಟಲೆ ನ್ಯಾಯವಾಗಿ ನಡೆಸಿಕೊಂಡು ಬಂದೋರೂ ಇದ್ದಾರೆ. ಮೊದಲ ಸಲ ಹೋದ ನಿನಗೆ ಯಾರು ಯಾವ ಥರ ಅಂತ ಹೇಗೆ ಗೊತ್ತಾಗಬೇಕು? ಎಣಿಸಿದ ಕಂತೆ ಮತ್ತೆ ಅವನ ಕೈಗೆ ಹೋಗಬಾರದು. ಕಡಿಮೆ ಇದ್ರೆ ಆ ಒಂದು ನೋಟನ್ನ ಬೇರೆಯಾಗಿ ಇಸ್ಕೋ.

ಅವನು: ಅಮ್ಮನಿಗೆ ಇದೆಲ್ಲ ಹೇಳಿದ್ರೆ ಯಾತ್ರೆಯೇ ಬೇಡ ಅಂತಾರೆ.

ಅವರು: ಬೇಡ ಅನ್ನೋಕೆ ಏನಾಗಿದೆ? ಕಠ್ಮಂಡುವಿನ ಪಶುಪತಿನಾಥನ ಗುಡಿಯಲ್ಲಿ ಪೂಜೆ ಮಾಡೋ ಭಟ್ಟರು ತಲೆಮಾರುಗಳಿಂದ ನಮ್ಮ ಕಡೆಯಿಂದ ಹೋದೋರು. ಅಮ್ಮ ಕನ್ನಡದಲ್ಲೇ ಮಾತಾಡಿ ಸಂಕಲ್ಪ ಮಾಡಿಸ್ಕೊಂಡು ಬರಲಿ. ತಯಾರಿ ನೀನು ಮಾಡ್ಕೋ. ಮೊದಲು, ಇಲ್ಲಿನ ಬ್ಯಾಂಕಿನಲ್ಲೇ ನೂರರ ನೋಟಿನ ಕಂತೆ ತಗೋ. ಹರಿದದ್ದು, ಗೀಚಿದ್ದು ಬೇಡ. ಒಂದೇ ಕಡೆ ಇಡಬೇಡ, ಅಮ್ಮನ ಹತ್ರ ಸ್ವಲ್ಪ, ನಿನ್ನ ಹತ್ರ ಸ್ವಲ್ಪ. ಗಡಿಯ ನಮ್ಮ ಕಡೆ ಬದಲಾಯಿಸೋಕೆ ಹೋಗಬೇಡ. ಬೇಲಹಿಯಾ ದಾಟಿ ಭೈರಹವಾದಲ್ಲಿ ಬ್ಯಾಂಕಿದೆ, ಪರವಾನಗಿ ಇರೋ ಕೌಂಟರಿದೆ. ಅಲ್ಲಿ ಎರಡು ದಿನಕ್ಕೆ ಬೇಕಾದಷ್ಟು ಬದಲಾಯಿಸಿ ರಸೀದಿ ಇಸ್ಕೋ.

ಅವನು: ಪೂರ್ತಿ ಅಲ್ಲೇ ಬದಲಾಯಿಸಿಬಿಟ್ರೆ?

ಅವರು: ಉಳಿದುಹೋದ ನೇಪಾಳಿ ನೋಟಿಗೆ ಆರ್‌ಪಿಸಿ ಲೇಔಟಿನಲ್ಲಿ ಒಂದು ಕಾಫಿಯೂ ಸಿಗಲ್ಲ. ನಿನ್ನ ಬ್ಯಾಂಕೂ ತಗೊಳ್ಳಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪ ಬದಲಾಯಿಸು, ವಾಪಸ್ ಬರೋವಾಗ ಗಡಿ ದಾಟೋ ಮುಂಚೆ ಮಿಕ್ಕಿದ್ದನ್ನ ರೂಪಾಯಿ ಮಾಡ್ಕೋ. ಆಗ ಆ ರಸೀದಿ ಕೆಲಸಕ್ಕೆ ಬರುತ್ತೆ. 2024ರ ಮಾರ್ಚಿನಿಂದ ಅಲ್ಲಿನ ಫೋನ್‌ಪೇ ನೆಟ್‌ವರ್ಕಿನ ಕ್ಯೂಆರ್ ಇರೋ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತೆ. ನಮ್ಮ ಫೋನ್‌ಪೇ ಅಲ್ಲ ಅದು, ಹೆಸರು ಒಂದೇ ಥರ ಇದೆ, ಕಂಪನಿ ಬೇರೆ. ಕಠ್ಮಂಡು, ಪೋಖರಾದಲ್ಲಿ ಅದರಲ್ಲೇ ಕೊಡು. ಜೋಮ್‌ಸೋಮ್ ದಾಟಿ ಮುಕ್ತಿನಾಥದ ಎತ್ತರಕ್ಕೆ ಹೋದ ಮೇಲೆ ಸಿಗ್ನಲ್ ನಂಬ್ಕೊಂಡು ಕೂರಬೇಡ, ಅಲ್ಲಿಗೆ ನಗದು ಇಟ್ಕೋ. ಇನ್ನೊಂದು, ಬೆಲೆ ಕೇಳಿದಾಗ ‘ಐಸಿ’ನಾ ‘ಎನ್‌ಸಿ’ನಾ ಅಂತ ಕೇಳು. ಐಸಿ ಅಂದ್ರೆ ನಮ್ಮ ದುಡ್ಡು, ಎನ್‌ಸಿ ಅಂದ್ರೆ ಅವರದ್ದು. ಐನೂರು ಎನ್‌ಸಿ ಅಂದದ್ದಕ್ಕೆ ನಮ್ಮ ಐನೂರು ಕೊಟ್ರೆ ಹೆಚ್ಚುಕಮ್ಮಿ ಇನ್ನೂರು ರೂಪಾಯಿ ಸುಮ್ಮನೆ ಹೋಯ್ತು.

ಅವನು: ಸರಿ. ಆದ್ರೆ ವಾಚ್‌ಮನ್ನಿಗೆ ಏನು ಹೇಳಲಿ? ಅವನ ತಮ್ಮ ಆಗಲೇ ದುಡ್ಡು ಹೊಂದಿಸೋಕೆ ಶುರುಮಾಡಿದಾನೆ. ಈ ತಿಂಗಳು ಇಲ್ಲಿಗೆ ಬೇಕು, ಮಿಕ್ಕ ತಿಂಗಳೆಲ್ಲ ಇವನೇ ಊರಿಗೆ ಕಳಿಸೋದು. ಅದನ್ನೂ ಯಾರೋ ಏಜೆಂಟನ ಕೈಲೇ ಕಳಿಸ್ತಾನೆ.

ಅವರು: ಅವನು ಏಜೆಂಟನ ಹತ್ರ ಹೋಗಿದ್ದು ಕಳ್ಳತನಕ್ಕಲ್ಲ. ಬ್ಯಾಂಕಿನ ಹೊತ್ತಿಗೆ ಅವನಿಗೆ ಗೇಟು ಬಿಡೋಕಾಗಲ್ಲ. ಹೋದ್ರೂ ಫಾರಂ ಅವನಿಗೆ ಅರ್ಥವಾಗಲ್ಲ, ಕೌಂಟರಿನಲ್ಲಿ ಮುಖ ಕೊಟ್ಟು ಮಾತಾಡಲ್ಲ. ಏಜೆಂಟ್ ಅವನ ಭಾಷೆಯಲ್ಲೇ ಮಾತಾಡ್ತಾನೆ, ರಾತ್ರಿ ಹತ್ತಕ್ಕೂ ಸಿಗ್ತಾನೆ. ಬೀದಿ ಮಾರುಕಟ್ಟೆ ಬೆಳೆಯೋದು ಇಂಥ ಕಡೆಯೇ. ಈ ತಿಂಗಳ ಫೀಸಿಗೆ ನಿನ್ನ ಕೈಲಾದ್ರೆ ಸಾಲ ಅಂತ ಕೊಡು, ಚೀಟಿ ಬರ್ಕೊಡು, ಅವನ ಹತ್ರವೂ ಒಂದು ಇರಲಿ. ಆದ್ರೆ ಅದಕ್ಕೂ ಪೋಖರಾದ ಎಂಬತ್ತು ಸಾವಿರಕ್ಕೂ ಗಂಟು ಹಾಕಬೇಡ. ಊರಿಗೆ ಕಳಿಸೋಕೆ ಬೇರೆ ದಾರಿ ಇದೆ. 2008ರಲ್ಲಿ ರಿಸರ್ವ್ ಬ್ಯಾಂಕ್ ಭಾರತ–ನೇಪಾಳ ಹಣ ರವಾನೆ ಯೋಜನೆ ತಂತು. ನೆಫ್ಟ್ ಮೂಲಕ ಹೋಗುತ್ತೆ, ಅಲ್ಲಿ ನೇಪಾಳ್ ಎಸ್‌ಬಿಐ ಬ್ಯಾಂಕ್ ನೇಪಾಳಿ ರೂಪಾಯಿಯಲ್ಲಿ ಮುಟ್ಟಿಸುತ್ತೆ. 2021ರಲ್ಲಿ ಒಂದು ಸಲಕ್ಕೆ ಐವತ್ತು ಸಾವಿರ ಇದ್ದ ಮಿತಿಯನ್ನ ಎರಡು ಲಕ್ಷಕ್ಕೆ ಏರಿಸಿದ್ರು. ಇಲ್ಲಿ ಖಾತೆ ಇಲ್ಲದೋರೂ ಗುರುತಿನ ದಾಖಲೆ ಕೊಟ್ಟು ಐವತ್ತು ಸಾವಿರದವರೆಗೆ ನಗದು ಕಟ್ಟಿ ಕಳಿಸಬಹುದು.

ಅವನು: ಹದಿನೈದು ವರ್ಷದ ಮೇಲಿಂದ ಇರೋ ಯೋಜನೆ, ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ಅವರು: ಗೊತ್ತಾಗೋ ಹಾಗೆ ಯಾರೂ ಹೇಳಿಲ್ಲ. ಬಾಗಿಲಿದೆ ಅಂತ ಹೇಳೋರೇ ಇಲ್ಲದಿದ್ರೆ ಬಾಗಿಲು ಇದ್ದೂ ಏನು ಬಂತು? ನಮ್ಮ ಲೇಔಟಿನ ರಾತ್ರಿ ಕಾವಲಿನಲ್ಲಿ, ಹೋಟೆಲಿನ ಅಡುಗೆಮನೆಗಳಲ್ಲಿ ಅವನಂಥೋರು ಎಷ್ಟು ಜನ ಇದ್ದಾರೆ. ಸೋಮವಾರ ನಿಮ್ಮ ಅಸೋಸಿಯೇಷನ್ನಿನಿಂದ ಅವನ ಹೆಸರಿಗೆ, ಫೋಟೊ ಅಂಟಿಸಿ, ಇಲ್ಲಿ ಕೆಲಸ ಮಾಡ್ತಾನೆ ಅಂತ ಒಂದು ಪತ್ರ ಬರ್ಸು. ಅವನ ಬದಲು ಎರಡು ಗಂಟೆ ಗೇಟಿಗೆ ಯಾರನ್ನಾದ್ರೂ ಕೂರ್ಸು. ಬ್ಯಾಂಕಿಗೆ ನಾನೇ ಅವನ ಜೊತೆ ಹೋಗ್ತೀನಿ. ಫಾರಂ ತುಂಬೋದು ನನಗೆ ಇನ್ನೂ ಮರೆತಿಲ್ಲ. ಮೊದಲ ಸಲ ಕಳಿಸಿದ್ದಕ್ಕೆ ರಸೀದಿ ಅವನ ಹೆಸರಲ್ಲಿ ಬರಲಿ. ದುಡ್ಡು ದಾರೀಲಿ ಎಲ್ಲಾದ್ರೂ ನಿಂತುಹೋದ್ರೆ ಆ ನಂಬರ್ ತೋರಿಸಿ, ನನ್ನ ದುಡ್ಡು ಎಲ್ಲಿ ಅಂತ ಗಟ್ಟಿಯಾಗಿ ಕೇಳೋ ಹಕ್ಕು ಅವನಿಗೂ ಇರಬೇಕು.